ಬೆಂಕಿ ಆರಿಸುವ ಎರಡೂ ಬಾಟಲಿ ಖಾಲಿಯಾದರೂ ಇಂಜಿನ್ ಬೆಂಕಿ ಯಾಕೆ ಆರಲಿಲ್ಲ? (ಯುನೈಟೆಡ್ ಏರ್‌ಲೈನ್ಸ್ ವಿಮಾನ 328)

ರೆಕ್ಕೆಪುಕ್ಕ:
2021ರ ಫೆಬ್ರವರಿ 20ರಂದು ಡೆನ್ವರ್‌ನಿಂದ ಹೊನೊಲುಲುಗೆ ಹೊರಟ ಬೋಯಿಂಗ್ 777-200. ಸುಮಾರು 12,500 ಅಡಿ ಏರುವಷ್ಟರಲ್ಲಿ ಬಲಗಡೆ ಪಿಡಬ್ಲ್ಯೂ4077 ಇಂಜಿನ್‌ನ ಫ್ಯಾನ್ ಬ್ಲೇಡ್ ಮುರಿಯಿತು, ಮುಂದಿನ ಕವಚ ಕಿತ್ತು ಬ್ರೂಮ್‌ಫೀಲ್ಡ್ ಊರಿನ ಮೇಲೆ ಬಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಪೈಲಟ್‌ಗಳು ಎರಡೂ ಬಾಟಲಿ ಹೊಡೆದರೂ ಲ್ಯಾಂಡಿಂಗ್‌ಗೆ ಫೈನಲ್ (ರನ್‌ವೇಗೆ ನೇರವಾಗಿ ಬರುವ ಕೊನೆಯ ಹಂತ) ಬರುವವರೆಗೂ ಫೈರ್ ವಾರ್ನಿಂಗ್ ಹೋಗಲಿಲ್ಲ. ಇಂಧನ ನಿಲ್ಲಿಸಿದ ಮೇಲೆ ಉರಿಯೋಕೆ ಏನು ಉಳಿದಿತ್ತು?

ಬಲಗಡೆ ಸೀಟು:
ಮೊದಲು ಕ್ರಮ ನೋಡಿ. ಆ ಇಂಜಿನ್‌ನ ಆಟೋಥ್ರಾಟಲ್ (ಇಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ವ್ಯವಸ್ಥೆ) ಆಫ್, ಥ್ರಸ್ಟ್ ಲಿವರ್ ಐಡಲ್‌ಗೆ (ಕನಿಷ್ಠ ಶಕ್ತಿಗೆ), ಫ್ಯೂಯೆಲ್ ಕಂಟ್ರೋಲ್ ಕಟ್‌ಆಫ್, ಆಮೇಲೆ ಫೈರ್ ಸ್ವಿಚ್ ಎಳೆಯುವುದು. ಎಳೆದ ಕೂಡಲೇ ರೆಕ್ಕೆಯಲ್ಲಿರುವ ಸ್ಪಾರ್ ವಾಲ್ವ್ (ಟ್ಯಾಂಕ್‌ನಿಂದ ಇಂಜಿನ್‌ಗೆ ಇಂಧನ ಬಿಡುವ ಕವಾಟ) ಮುಚ್ಚುತ್ತದೆ, ಬ್ಲೀಡ್ ಏರ್ (ಇಂಜಿನ್‌ನಿಂದ ತೆಗೆಯುವ ಬಿಸಿ ಗಾಳಿ) ಬಂದ್, ಜನರೇಟರ್ ಟ್ರಿಪ್, ಹೈಡ್ರಾಲಿಕ್ ಪಂಪ್‌ಗೆ ಹೋಗುವ ದ್ರವವೂ ಕಟ್. ವಾರ್ನಿಂಗ್ ಇನ್ನೂ ಇದ್ದರೆ ಸ್ವಿಚ್ ಒಂದು ಪಕ್ಕಕ್ಕೆ ಪೂರ್ತಿ ತಿರುಗಿಸಿ 1 ಸೆಕೆಂಡ್ ಹಿಡಿಯಬೇಕು, ಮೊದಲ ಬಾಟಲಿ ಹೋಗುತ್ತದೆ. 30 ಸೆಕೆಂಡ್ ಆದರೂ ಆರದಿದ್ದರೆ ಇನ್ನೊಂದು ಪಕ್ಕಕ್ಕೆ. ಅಲ್ಲಿಗೆ ಮುಗಿಯಿತು, ಎರಡೂ ಇಂಜಿನ್‌ಗೆ ಸೇರಿ ಇರುವುದೇ ಆ ಎರಡು ಬಾಟಲಿ. ಮೂರನೆಯದಿಲ್ಲ. ಆಮೇಲೆ ಬೇಗ ಇಳಿಯುವುದೊಂದೇ ದಾರಿ, ಅವರು ಅದನ್ನೇ ಮಾಡಿದರು.

ಹ್ಯಾಂಗರ್ ನಂ. 2:
ಸ್ಪಾರ್ ವಾಲ್ವ್ ಮುಚ್ಚಿತ್ತು ಅಂತ ಎನ್‌ಟಿಎಸ್‌ಬಿ (ಅಮೆರಿಕದ ಸಾರಿಗೆ ಅಪಘಾತ ತನಿಖಾ ಸಂಸ್ಥೆ) ತನಿಖೆಯಲ್ಲೇ ಖಚಿತವಾಗಿದೆ. ಅಂದರೆ ಟ್ಯಾಂಕ್‌ನಿಂದ ಹೊಸದಾಗಿ ಇಂಧನ ಬರುತ್ತಿರಲಿಲ್ಲ. ಆದರೆ ಗೇರ್‌ಬಾಕ್ಸ್ ಒಡೆದಿತ್ತು, ಇಂಧನ, ಆಯಿಲ್, ಹೈಡ್ರಾಲಿಕ್ ಪೈಪ್‌ಗಳು ಹಲವು ಕಡೆ ತುಂಡಾಗಿದ್ದವು. ವಾಲ್ವ್‌ನಿಂದ ಈಚೆ ಇದ್ದದ್ದೆಲ್ಲ ಸೋರುತ್ತದೆ. ಇದಕ್ಕೆ ಕಿಡಿ ಕೊಟ್ಟದ್ದು ‘ಕೆ’ ಫ್ಲೇಂಜ್: ಬ್ಲೇಡ್ ಮುರಿದ ಹೊಡೆತಕ್ಕೆ ಇಂಜಿನ್ ಕೇಸ್‌ನ ಆ ಜೋಡಣೆ ಬಿಟ್ಟುಕೊಂಡು, ಒಳಗಿನ ಬಿಸಿ ಅನಿಲ ಕವಚದೊಳಗೆ ನುಗ್ಗಿತು.

ಇನ್ನು ಹ್ಯಾಲಾನ್, ಅಂದರೆ ಬಾಟಲಿಯಲ್ಲಿರುವ ಬೆಂಕಿ ಆರಿಸುವ ಅನಿಲ. ಪ್ರಮಾಣೀಕರಣದ ಅಳತೆ ಏನೆಂದರೆ, ಫೈರ್ ಝೋನ್‌ನ (ಇಂಜಿನ್ ಸುತ್ತ ಈ ಅನಿಲ ತುಂಬುವ ಜಾಗ) ಎಲ್ಲ ಮೂಲೆಯಲ್ಲೂ ಒಟ್ಟಿಗೇ ಕನಿಷ್ಠ ಅರ್ಧ ಸೆಕೆಂಡ್ 6% ಸಾಂದ್ರತೆ ಬರಬೇಕು. ಇದೆಲ್ಲ ಕೌಲ್ (ಇಂಜಿನ್‌ನ ಹೊರಕವಚ) ಮುಚ್ಚಿದ್ದಾಗಿನ ಲೆಕ್ಕ. ಇಲ್ಲಿ ಫ್ಯಾನ್ ಕೌಲ್‌ಗಳೇ ಹಾರಿಹೋಗಿದ್ದವು, ಮೇಲಾಗಿ ಬೆಂಕಿ ಆ ಝೋನ್ ದಾಟಿ ಥ್ರಸ್ಟ್ ರಿವರ್ಸರ್‌ಗೆ (ಇಳಿದ ಮೇಲೆ ವೇಗ ತಗ್ಗಿಸಲು ಗಾಳಿಯನ್ನು ಮುಂದಕ್ಕೆ ತಿರುಗಿಸುವ ಭಾಗ) ಹಬ್ಬಿತ್ತು. ಅಲ್ಲಿನ ಬೆಂಕಿಗೆ ಬಾಟಲಿಯಿಂದ ಪ್ರಯೋಜನವಿಲ್ಲ. ಕಿಟಕಿಯಿಂದ ತೆಗೆದ ವಿಡಿಯೊದಲ್ಲಿ ಕಾಣುವ ಜ್ವಾಲೆ ಅದೇ.

ರೆಕ್ಕೆಪುಕ್ಕ:
ಸರಿ, ಅರ್ಥವಾಯಿತು. ಆದರೆ ಬಿರುಕನ್ನು ತಪಾಸಣೆಯಲ್ಲೇ ಹಿಡಿಯಬಹುದಿತ್ತಲ್ಲ? 2018ರಲ್ಲಿ ಇದೇ ಕಂಪನಿಯ ವಿಮಾನ 1175ರಲ್ಲೂ ಇದೇ ಕಥೆ.

ಹ್ಯಾಂಗರ್ ನಂ. 2:
ಬಿರುಕು ಹುಟ್ಟಿದ್ದು ಹೊರಮೈಯಲ್ಲಿ ಅಲ್ಲ. ಟೈಟಾನಿಯಂನ ಈ ಬ್ಲೇಡ್ ಒಳಗೆ ಟೊಳ್ಳು, ಬಿರುಕು ಆ ಟೊಳ್ಳಿನ ಗೋಡೆಯಿಂದ ಬೆಳೆದಿತ್ತು. ಟಾರ್ಚ್ ಹಿಡಿದು ನೋಡಿದರೆ ಸಿಗುವುದಿಲ್ಲ. ಅದಕ್ಕೇ ಥರ್ಮಲ್ ಅಕೌಸ್ಟಿಕ್ ಇಮೇಜಿಂಗ್: ಬ್ಲೇಡ್‌ಗೆ ಶಬ್ದದ ಕಂಪನ ಕೊಟ್ಟರೆ ಬಿರುಕಿನ ಎರಡು ಮುಖ ಉಜ್ಜಿ ಬಿಸಿಯಾಗುತ್ತವೆ, ಆ ಬಿಸಿ ಚುಕ್ಕೆಯನ್ನು ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿಯುತ್ತದೆ. ಈ ಬ್ಲೇಡ್ 2014, 2016ರಲ್ಲಿ ಈ ಪರೀಕ್ಷೆ ಕಂಡಿತ್ತು. 1175ರ ನಂತರ 2016ರ ಚಿತ್ರಗಳನ್ನು ಮತ್ತೆ ನೋಡಿದ್ದೂ ಆಯಿತು. ಪರೀಕ್ಷೆಯ ಅಂತರ 6,500 ಸೈಕಲ್ (ಒಂದು ಹಾರಾಟ ಅಂದರೆ ಒಂದು ಸೈಕಲ್) ಅಂತ ಇಟ್ಟಿದ್ದರು, ಬ್ಲೇಡ್ ಮುರಿದದ್ದು ಕೊನೆಯ ಪರೀಕ್ಷೆಯಿಂದ 2,979ನೇ ಸೈಕಲ್‌ಗೆ. ಅರ್ಧ ದಾರಿಯೂ ಆಗಿರಲಿಲ್ಲ! ಘಟನೆಯ ನಂತರ ಅದನ್ನು 1,000ಕ್ಕೆ ಇಳಿಸಿದರು. ಮೂಲ ದೋಷ ತಯಾರಿಕೆಯಲ್ಲಿ ಸೇರಿಕೊಂಡ ಕಾರ್ಬನ್ ಕಲ್ಮಶ.

ಬಲಗಡೆ ಸೀಟು:
ಇನ್‌ಲೆಟ್, ಅಂದರೆ ಕಿತ್ತು ಬಿದ್ದ ಆ ಮುಂದಿನ ಕವಚದ ಮಾತು ಬಿಟ್ಟುಹೋಯಿತು. ಬ್ಲೇಡ್ ಮುರಿದರೂ ಇನ್‌ಲೆಟ್ ಜಾಗದಲ್ಲೇ ಇರಬೇಕಿತ್ತು. ಅದರ ವಿನ್ಯಾಸ, ಪರೀಕ್ಷೆ ಎರಡೂ ಆ ಹೊಡೆತದ ಶಕ್ತಿಯನ್ನು ತಾಳಿಕೊಳ್ಳುವಷ್ಟು ಸಾಲಲಿಲ್ಲ ಅಂತ ಅಂತಿಮ ವರದಿ ನೇರವಾಗಿಯೇ ಹೇಳಿದೆ. ನನ್ನ ಪ್ರಕಾರ ಬ್ಲೇಡ್‌ಗಿಂತ ದೊಡ್ಡ ಪ್ರಶ್ನೆ ಇದು. ಬ್ಲೇಡ್ ಎಂದಾದರೂ ಮುರಿಯುತ್ತದೆ ಅಂತ ಲೆಕ್ಕ ಹಾಕಿಯೇ ತಾನೇ ಸುತ್ತಲಿನದನ್ನೆಲ್ಲ ಕಟ್ಟುವುದು.