ತಂತಿಯಲ್ಲಿ ವೋಲ್ಟೇಜು ‘ಸೊರಗುವುದು’: ಬೇರೆ ಕಡೆ ಏನನ್ನುತ್ತಾರೆ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಬಲ್ಲವರನ್ನು ಕೇಳಬೇಕಿತ್ತು.

ತೋಟದ ಬಾವಿಯಿಂದ ಮನೆಗೆ ನೀರೆತ್ತಲು ಒಂದು ಎಚ್‌ಪಿಯ ಸಿಂಗಲ್ ಫೇಸ್ ಮೋಟಾರು ಕೂರಿಸಿದೆವು. ಮನೆಯ ಮೇನ್ ಬೋರ್ಡಿನಿಂದ ಬಾವಿಕಟ್ಟೆಯ ಬಾಕ್ಸಿಗೆ 120 ಮೀಟರು. 2.5 ಎಂಎಂ ತಾಮ್ರದ ವೈರು ಎಳೆಸಿದ್ದೆ (ಅಂಗಡಿಯಲ್ಲಿ ‘ಎಂಎಂ’ ಅನ್ನುವುದು ವಾಸ್ತವವಾಗಿ ಚದರ ಮಿಲಿಮೀಟರು). ಸ್ವಿಚ್ ಹಾಕಿದರೆ ಮೋಟಾರು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ‘ಲೋ ವೋಲ್ಟೇಜು, ಸ್ಟೆಬಿಲೈಜರ್ ಹಾಕಿ’ ಅಂದರು ಅಕ್ಕಪಕ್ಕದವರು. ತಂದು ಮನೆ ಬೋರ್ಡಿನ ಪಕ್ಕ ಇಟ್ಟೆ, ಏನೂ ಆಗಲಿಲ್ಲ.

ಆಮೇಲೆ ಬಂದ ಹಿರಿಯ ವೈರ್‌ಮನ್ ಮೀಟರಿನ ಎರಡು ಕಡ್ಡಿಗಳನ್ನು ಬಾವಿಯ ಬಾಕ್ಸಿಗೆ ಹಿಡಿದರು: 230. ಮೋಟಾರು ಹಾಕಿಸಿದರು: 180ರ ಕೆಳಗೆ. ಆಫ್ ಮಾಡಿದರೆ ಮತ್ತೆ 230. ‘ಮನೇಲಿ ಕರೆಂಟು ಚೆನ್ನಾಗೇ ಇದೆ ಮೇಷ್ಟ್ರೇ, ಇಲ್ಲಿಗೆ ಬರೋ ಹೊತ್ತಿಗೆ ಸೊರಗ್ತದೆ’ ಅಂದರು.

ಲೆಕ್ಕವೂ ಅದನ್ನೇ ಹೇಳುತ್ತದೆ. ಹೋಗುವ ತಂತಿ, ಬರುವ ತಂತಿ ಸೇರಿ 240 ಮೀಟರು. ಅಷ್ಟುದ್ದಕ್ಕೆ ರೋಧ (ಕರೆಂಟಿಗೆ ತಂತಿ ಒಡ್ಡುವ ತಡೆ) ಸುಮಾರು 1.8 ಓಮ್. ಎಳೆಯುವ ಆಂಪಿಯರನ್ನು ಇದರಿಂದ ಗುಣಿಸಿದರೆ ತಂತಿಯಲ್ಲಿ ಕಳೆಯುವ ವೋಲ್ಟು ಸಿಗುತ್ತದೆ. ಮೋಟಾರು ತಿರುಗುತ್ತಿರುವಾಗ 7 ಆಂಪಿಯರ್ ಎಳೆದರೆ ಕಳೆಯುವುದು 13 ವೋಲ್ಟು ಅಷ್ಟೇ. ಹೊರಡುವ ಗಳಿಗೆಯಲ್ಲಿ 30 ಆಂಪಿಯರ್ ಎಳೆದರೆ 50 ದಾಟುತ್ತದೆ. 10 ಎಂಎಂ ಕೇಬಲ್ ಹೂತ ಮೇಲೆ ಮೋಟಾರು ಒಂದೇ ಸಲಕ್ಕೆ ಹೊರಟಿತು.

ನನ್ನನ್ನು ಕಾಡುತ್ತಿರುವುದು ಪದ. ಲೈನಿನಲ್ಲೇ ಕಡಿಮೆ ಬರುವುದಕ್ಕೂ ನಮ್ಮದೇ ತಂತಿಯಲ್ಲಿ ಕಡಿಮೆಯಾಗುವುದಕ್ಕೂ ನಾವೆಲ್ಲ ‘ಲೋ ವೋಲ್ಟೇಜು’ ಅನ್ನುತ್ತೇವೆ. ಮೊದಲನೆಯದಕ್ಕೆ ಸ್ಟೆಬಿಲೈಜರ್ ಮದ್ದಾದೀತು, ಎರಡನೆಯದಕ್ಕೆ ದಪ್ಪ ತಂತಿಯೇ ಬೇಕು. ಎರಡಕ್ಕೂ ಒಂದೇ ಹೆಸರಾದ್ದರಿಂದ ನಾನು ದುಡ್ಡು ಕಳೆದೆ. ಕೆಲವರು ‘ಸೋರಿಕೆ’ ಅಂತಲೂ ಅನ್ನುತ್ತಾರೆ. ಅದು ತಪ್ಪಷ್ಟೇ ಅಲ್ಲ, ಅಪಾಯ. ಒದ್ದೆ ಗೋಡೆ ಮುಟ್ಟಿದರೆ ಜುಮ್ ಅನ್ನುವುದು ಸೋರಿಕೆ. ಅಲ್ಲಿ ಕರೆಂಟು ದಾರಿ ಬಿಟ್ಟು ಹೋಗಿರುತ್ತದೆ, ಜೀವಕ್ಕೆ ಕುತ್ತು. ಇಲ್ಲಿ ದಾರಿ ಬಿಟ್ಟಿಲ್ಲ. ‘ಕುಸಿತ’ ಅಂದರೆ ಧಡಕ್ಕನೆ ಬಿದ್ದ ಹಾಗೆ. ‘ಇಳಿತ’ ಪರವಾಗಿಲ್ಲ, ಆದರೆ ಎಲ್ಲಿ ಇಳಿಯಿತು ಅನ್ನುವುದು ಅದರಲ್ಲಿಲ್ಲ.

‘ಸೊರಗು’ ನನಗೆ ತುಂಬ ಹಿಡಿಸಿತು. ದೂರ ನಡೆದು ಬಂದವರ ಮುಖ ಕಣ್ಣಮುಂದೆ ಬರುತ್ತದೆ. ಒಂದೇ ಅಳುಕು: ಮಲೆನಾಡಿನಲ್ಲಿ ಸೊರಗು ಅಂದರೆ ಮೊದಲು ನೆನಪಾಗುವುದು ಕಾಳುಮೆಣಸಿನ ಸೊರಗು ರೋಗ. ಹಾಗೆ ಸೊರಗಿದ ಬಳ್ಳಿ ಮತ್ತೆ ಚಿಗುರುವುದು ಕಷ್ಟ. ಮೋಟಾರು ನಿಲ್ಲಿಸಿದರೆ ವೋಲ್ಟೇಜು ಆ ಕ್ಷಣವೇ ಮೇಲೇಳುತ್ತದೆ. ಆ ದೃಷ್ಟಿಯಿಂದ ಮಧ್ಯಾಹ್ನ ತಲೆಬಾಗಿಸಿ ಸಂಜೆಗೆ ಚೇತರಿಸಿಕೊಳ್ಳುವ ಎಲೆಯ ‘ಬಾಡು’ ಹತ್ತಿರವೇನೋ. ಆದರೆ ಯಾರ ಬಾಯಲ್ಲೂ ಕೇಳಿಲ್ಲ.

ಬಯಲುಸೀಮೆಯಲ್ಲಿ, ಕರಾವಳಿಯಲ್ಲಿ, ಉತ್ತರ ಕರ್ನಾಟಕದಲ್ಲಿ ದೂರದ ಪಂಪ್‌ಸೆಟ್ಟಿಗೆ ತಂತಿ ಎಳೆಯುವ ವೈರ್‌ಮನ್‌ಗಳು ಇದಕ್ಕೆ ಏನನ್ನುತ್ತಾರೆ? ನಿಮ್ಮ ಕಡೆ ಕೇಳಿದ ಮಾತನ್ನು ಕೇಳಿದ ಹಾಗೇ ಬರೆಯಿರಿ. ‘ಸೊರಗು’ ನಮ್ಮ ವೈರ್‌ಮನ್ನರ ಸ್ವಂತ ಮಾತೋ, ಬೇರೆಡೆಯೂ ಬಳಕೆಯಲ್ಲಿದೆಯೋ ತಿಳಿಯಬೇಕು.