ಬಿಐ (ಡೇಟಾವನ್ನು ವರದಿ, ಚಾರ್ಟ್ ಆಗಿ ತೋರಿಸುವ) ಟೂಲ್ ಆಯ್ಕೆ: 3 ಜನರ ಡೇಟಾ ತಂಡ, 70 ನೋಡುಗರು, ಪೋಸ್ಟ್‌ಗ್ರೆಸ್ ಡೇಟಾಬೇಸ್. ಯಾವುದು ಹೊಂದುತ್ತದೆ?

ಕಾಲಂ_ಕಾಯಕ

ತಂಡದಲ್ಲಿ ಮೂವರು: ಇಬ್ಬರು ಎಸ್‌ಕ್ಯುಎಲ್ ಚೆನ್ನಾಗಿ ಬಲ್ಲವರು, ಒಬ್ಬರು ಪೈಥಾನ್. ಡೇಟಾ ಎಲ್ಲ ಪೋಸ್ಟ್‌ಗ್ರೆಸ್‌ನಲ್ಲಿ, ಸುಮಾರು 200 ಜಿಬಿ. ಒಂದು ರೀಡ್ ರೆಪ್ಲಿಕಾ (ಓದಲಷ್ಟೇ ಇರುವ ಡೇಟಾಬೇಸ್ ನಕಲು) ಇದೆ. ನೋಡುವವರು 70 ಮಂದಿ. ಅವರಲ್ಲಿ 11 ವಲಯಗಳ ಮಾರಾಟ ಮ್ಯಾನೇಜರ್‌ಗಳಿಗೆ ತಮ್ಮ ವಲಯದ ಅಂಕಿ ಮಾತ್ರ ಕಾಣಬೇಕು. ಸದ್ಯಕ್ಕೆ ಎಲ್ಲವೂ ಎಕ್ಸೆಲ್ ಫೈಲಾಗಿ ಮೇಲ್‌ನಲ್ಲಿ ಹೋಗುತ್ತದೆ. ಗ್ರಾಹಕರ ಮತ್ತು ಊರುಗಳ ಹೆಸರು ಕನ್ನಡದಲ್ಲೇ ಇವೆ. ಪವರ್ ಬಿಐ, ಮೆಟಾಬೇಸ್, ಸೂಪರ್‌ಸೆಟ್ ಮೂರನ್ನು ನೋಡುತ್ತಿದ್ದೇವೆ. ಖರ್ಚೆಷ್ಟು, ಆಮೇಲೆ ಎಲ್ಲಿ ಕೈಕೊಡುತ್ತದೆ, ಬಲ್ಲವರು ಹೇಳಿ.

ಜರಡಿ

ಮೊದಲು ಆ 11 ವಲಯದ ಷರತ್ತು ಹಿಡಿಯಿರಿ. ನಿಮ್ಮ ಪಟ್ಟಿಯಲ್ಲಿ ಯಾವುದು ಉಳಿಯುತ್ತದೆ ಅನ್ನುವುದು ಅದರಲ್ಲೇ ತೀರ್ಮಾನವಾಗುತ್ತದೆ, ಚಾರ್ಟ್‌ಗಳ ಅಂದಚಂದದಲ್ಲಿ ಅಲ್ಲ.

ಮೆಟಾಬೇಸ್‌ನ ಉಚಿತ ಆವೃತ್ತಿಯಲ್ಲಿ ಸಾಲು ಮಟ್ಟದ ನಿರ್ಬಂಧ (ಯಾರಿಗೆ ಯಾವ ಸಾಲು ಕಾಣಬೇಕೆಂಬ ಮಿತಿ) ಇಲ್ಲ. ಅದು ಪ್ರೊ ಮತ್ತು ಎಂಟರ್‌ಪ್ರೈಸ್‌ನಲ್ಲಿ ಮಾತ್ರ. ಉಚಿತದಲ್ಲೇ ಸಾಗಿಸಬೇಕೆಂದರೆ ವಲಯಕ್ಕೊಂದು ಕಲೆಕ್ಷನ್ (ಫೋಲ್ಡರ್) ಮಾಡಿ ಡ್ಯಾಶ್‌ಬೋರ್ಡ್‌ಗಳ ನಕಲು ಇಡಬೇಕು. 6 ಡ್ಯಾಶ್‌ಬೋರ್ಡ್ ಅಂದರೆ 66 ನಕಲು. ಟೇಬಲ್‌ನ ಒಂದು ಕಾಲಂ ಹೆಸರು ಬದಲಾದರೆ 66 ಕಡೆ ತಿದ್ದುವ ಕೆಲಸ. ನಿಮ್ಮದೇ ಒಳ ಪೋರ್ಟಲ್ ಇದ್ದರೆ ಸ್ಟ್ಯಾಟಿಕ್ ಎಂಬೆಡಿಂಗ್ (ಡ್ಯಾಶ್‌ಬೋರ್ಡನ್ನು ನಿಮ್ಮ ಪುಟದೊಳಗೆ ಕೂರಿಸುವುದು) ಬಳಸಬಹುದು: ವಲಯದ ಫಿಲ್ಟರ್ ಲಾಕ್ ಮಾಡಿ, ಯಾವ ವಲಯ ಎಂಬುದನ್ನು ಸಹಿ ಮಾಡಿದ ಟೋಕನ್ ಒಳಗೆ ಕಳಿಸುವುದು. ಇದು ಉಚಿತದಲ್ಲೂ ನಡೆಯುತ್ತದೆ, ಮೆಟಾಬೇಸ್ ಹೆಸರು ಮಾತ್ರ ಕೆಳಗೆ ಉಳಿಯುತ್ತದೆ. ಆದರೆ ಚಾರ್ಟ್ ಒತ್ತಿ ಒಳಗಿನ ಸಾಲುಗಳಿಗೆ ಇಳಿಯಲು ಆಗುವುದಿಲ್ಲ.

ಪವರ್ ಬಿಐನಲ್ಲಿ ಸಾಲು ಮಟ್ಟದ ನಿರ್ಬಂಧ ಅದರ ಪ್ರೊ ಲೈಸೆನ್ಸ್‌ನಲ್ಲೇ ಸಿಗುತ್ತದೆ. ಒಂದು ಹಳ್ಳ ಇದೆ: ವರ್ಕ್‌ಸ್ಪೇಸ್‌ನಲ್ಲಿ ವ್ಯೂವರ್ ಪಾತ್ರದವರಿಗೆ ಮಾತ್ರ ಅದು ಅನ್ವಯ. ಮ್ಯಾನೇಜರ್‌ಗಳನ್ನು ಕಾಂಟ್ರಿಬ್ಯೂಟರ್ ಅಥವಾ ಮೆಂಬರ್ ಮಾಡಿದಿರೋ, ಎಲ್ಲ ವಲಯವೂ ಕಾಣುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಪ್ರೊ ಪಟ್ಟಿ ಬೆಲೆ ಏಪ್ರಿಲ್ 2025ರಲ್ಲಿ 10 ಡಾಲರ್‌ನಿಂದ 14ಕ್ಕೆ ಏರಿತು. ಬರೀ ನೋಡುವವರಿಗೂ ಲೈಸೆನ್ಸ್ ಬೇಕು, ಹಾಗಾಗಿ 73 ಜನಕ್ಕೆ ತಿಂಗಳಿಗೆ 1,022 ಡಾಲರ್. ಎಫ್64 ಅಥವಾ ಅದಕ್ಕಿಂತ ದೊಡ್ಡ ಕೆಪ್ಯಾಸಿಟಿ (ಮೈಕ್ರೋಸಾಫ್ಟ್‌ನ ಮೀಸಲು ಸರ್ವರ್ ಶಕ್ತಿ) ಕೊಂಡರೆ ನೋಡುಗರಿಗೆ ಪ್ರೊ ಬೇಡ, ಆದರೆ 70 ಜನಕ್ಕೆ ಆ ಲೆಕ್ಕ ಗಿಟ್ಟುವುದಿಲ್ಲ. ಇನ್ನು ‘ಪಬ್ಲಿಷ್ ಟು ವೆಬ್’ ಕೊಂಡಿ ಹಂಚಿ ಲೈಸೆನ್ಸ್ ಉಳಿಸೋಣ ಅನ್ನುವವರು ಪ್ರತಿ ಆಫೀಸಿನಲ್ಲೂ ಒಬ್ಬರಿರುತ್ತಾರೆ. ಆ ಕೊಂಡಿ ಸಿಕ್ಕ ಯಾರು ಬೇಕಾದರೂ ಲಾಗಿನ್ ಇಲ್ಲದೆ ನೋಡಬಹುದು. ಅಡ್ಮಿನ್ ಸೆಟ್ಟಿಂಗ್‌ನಲ್ಲೇ ಅದನ್ನು ಮುಚ್ಚಿಬಿಡಿ.

ಪಾತ್ರೆ_ಪಗಡ

ಸೂಪರ್‌ಸೆಟ್‌ನಲ್ಲಿ ಸಾಲು ಮಟ್ಟದ ನಿರ್ಬಂಧ ಉಚಿತ. ಪಾತ್ರಕ್ಕೊಂದು ಷರತ್ತು ಬರೆದರೆ ಸಾಕು, 11 ಪಾತ್ರ, ಒಂದೇ ಡ್ಯಾಶ್‌ಬೋರ್ಡ್. ಮ್ಯಾನೇಜರ್‌ಗಳಿಗೆ ಗ್ಯಾಮಾ ಮಾದರಿಯ (ಸೀಮಿತ ಅನುಮತಿಯ) ಪಾತ್ರವೇ ಇರಲಿ. ಆಲ್ಫಾ ಕೊಟ್ಟರೆ ಎಲ್ಲ ಡೇಟಾಸೆಟ್ ತೆರೆಯುತ್ತದೆ. ಎಸ್‌ಕ್ಯುಎಲ್ ಲ್ಯಾಬ್ (ನೇರ ಕ್ವೆರಿ ಬರೆಯುವ ಪುಟ) ಕೊಡಲೇಬೇಡಿ, ಅಲ್ಲಿ ಈ ಷರತ್ತು ತಾನಾಗಿ ಅನ್ವಯವಾಗುತ್ತದೆಂದು ನಂಬುವ ಹಾಗಿಲ್ಲ.

ಸಾಫ್ಟ್‌ವೇರ್ ಉಚಿತ, ಪಾಲನೆ ಉಚಿತವಲ್ಲ. ವೆಬ್ ಸರ್ವರ್, ಮೆಟಾಡೇಟಾಗೆ ಪ್ರತ್ಯೇಕ ಪೋಸ್ಟ್‌ಗ್ರೆಸ್, ರೆಡಿಸ್ (ಕ್ಯಾಶ್), ಸೆಲರಿ ವರ್ಕರ್ (ಹಿನ್ನೆಲೆ ಕೆಲಸಕ್ಕೆ), ಸೆಲರಿ ಬೀಟ್ (ಆ ಕೆಲಸಗಳ ವೇಳಾಪಟ್ಟಿಗೆ): ಐದು ತುಂಡು ನೋಡಿಕೊಳ್ಳಬೇಕು. ಸೀಕ್ರೆಟ್ ಕೀ (ಲಾಗಿನ್ ಕುಕಿಗೆ ಸಹಿ ಹಾಕುವ ಗುಟ್ಟಿನ ಕೀ) ನೀವೇ ಹೊಸದಾಗಿ ಹಾಕಿ. ಮೂಲದಲ್ಲಿ ಬಂದ ಕೀಯನ್ನು ಹಾಗೇ ಬಿಟ್ಟ ಸರ್ವರ್‌ಗಳಿಗೆ ನಕಲಿ ಕುಕಿಯಿಂದ ಅಡ್ಮಿನ್ ಆಗಿ ನುಗ್ಗಬಹುದಿತ್ತು, 2023ರಲ್ಲಿ ಬಯಲಾದ ದೋಷ ಅದೇ.

ಕನ್ನಡದ ವಿಷಯಕ್ಕೆ ಎರಡು ಮಾತು. ಮೇಲ್‌ಗೆ ಹೋಗುವ ಡ್ಯಾಶ್‌ಬೋರ್ಡ್ ಚಿತ್ರವನ್ನು ತೆಗೆಯುವುದು ವರ್ಕರ್ ಕಂಟೇನರ್ ಒಳಗಿನ ಬ್ರೌಸರ್. ಅಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಊರಿನ ಹೆಸರೆಲ್ಲ ಚೌಕ ಚೌಕ. ನಿಮ್ಮ ಪರದೆಯಲ್ಲಿ ಸರಿಯಾಗೇ ಕಾಣುವುದರಿಂದ ಇದು ಬೇಗ ಗೊತ್ತಾಗದು. ಇಮೇಜ್ ಕಟ್ಟುವಾಗಲೇ ನೋಟೋ ಸಾನ್ಸ್ ಕನ್ನಡ ಸೇರಿಸಿ. ಸಿಎಸ್‌ವಿ ಎನ್‌ಕೋಡಿಂಗ್ ‘ಯುಟಿಎಫ್-8-ಸಿಗ್’ ಇರಲಿ, ಇಲ್ಲದಿದ್ದರೆ ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದವರಿಗೆ ಕಸ ಕಾಣುತ್ತದೆ.

ಕಾಲಂ_ಕಾಯಕ

ಉಪಯುಕ್ತ, ಇಬ್ಬರಿಗೂ ಧನ್ಯವಾದ. ರೆಪ್ಲಿಕಾಗೆ ನೇರ ಜೋಡಿಸಿದರೆ ಸಾಕೇ, ಅಥವಾ ಬೇರೆ ವೇರ್‌ಹೌಸ್ (ವಿಶ್ಲೇಷಣೆಗೇ ಮೀಸಲಾದ ಡೇಟಾಬೇಸ್) ಬೇಕೇ?

ಇಂಡೆಕ್ಸ್_ಇಲ್ಲದವ

200 ಜಿಬಿಗೆ ಸದ್ಯಕ್ಕೆ ರೆಪ್ಲಿಕಾ ಸಾಕು. ಆದರೆ ಕಚ್ಚಾ ಟೇಬಲ್‌ಗೆ ನೇರ ಜೋಡಿಸಬೇಡಿ.

ರೆಪ್ಲಿಕಾದಲ್ಲಿ ಉದ್ದದ ಕ್ವೆರಿಗಳು ‘ರಿಕವರಿ ಜೊತೆ ಘರ್ಷಣೆ’ ಅಂತ ನಡುವೆಯೇ ಸಾಯುತ್ತವೆ. ಮೂಲ ಸರ್ವರ್‌ನಲ್ಲಿ ವ್ಯಾಕ್ಯೂಮ್ (ಹಳೆಯ ಸಾಲು ತೆರವು ಮಾಡುವ ಕೆಲಸ) ಅಳಿಸಿದ ಸಾಲುಗಳು ನಿಮ್ಮ ಕ್ವೆರಿಗೆ ಇನ್ನೂ ಬೇಕಿರುತ್ತವೆ. ರೆಪ್ಲಿಕಾ ಡಿಫಾಲ್ಟ್ ಆಗಿ 30 ಸೆಕೆಂಡ್ ಕಾಯುತ್ತದೆ, ಆಮೇಲೆ ಕ್ವೆರಿ ರದ್ದು. ಆ ಕಾಯುವ ಮಿತಿಯನ್ನು (ಸ್ಟ್ಯಾಂಡ್‌ಬೈ ಸ್ಟ್ರೀಮಿಂಗ್ ಡಿಲೇ) 5 ನಿಮಿಷಕ್ಕೆ ಏರಿಸಿದರೆ ರೆಪ್ಲಿಕಾ ಅಷ್ಟು ಹಿಂದೆ ಬೀಳಬಹುದು. ಬದಲಿಗೆ, ಆ ಸಾಲುಗಳನ್ನು ಅಳಿಸಬೇಡ ಎಂದು ಮೂಲಕ್ಕೆ ಹೇಳುವ ಹಾಟ್ ಸ್ಟ್ಯಾಂಡ್‌ಬೈ ಫೀಡ್‌ಬ್ಯಾಕ್ ಹಾಕಿದರೆ ಮೂಲದ ಟೇಬಲ್ ಊದಿಕೊಳ್ಳುತ್ತದೆ. ಡ್ಯಾಶ್‌ಬೋರ್ಡ್‌ಗೆ ಮೊದಲನೆಯದೇ ವಾಸಿ. ಬಿಐ ಯೂಸರ್‌ಗೆ 60 ಸೆಕೆಂಡ್ ಸ್ಟೇಟ್‌ಮೆಂಟ್ ಟೈಮ್‌ಔಟ್ (ಒಂದು ಕ್ವೆರಿಗೆ ಗರಿಷ್ಠ ಸಮಯ) ಕೂಡ ಹಾಕಿ.

ದಿನದ ಮೊತ್ತಗಳನ್ನು ಮೂಲ ಸರ್ವರ್‌ನಲ್ಲೇ ಮೆಟೀರಿಯಲೈಸ್ಡ್ ವ್ಯೂ (ಲೆಕ್ಕಹಾಕಿ ಉಳಿಸಿಟ್ಟ ಟೇಬಲ್) ಮಾಡಿ, ರೆಪ್ಲಿಕಾಗೆ ತಾನಾಗಿ ಬರುತ್ತದೆ. ಓದುಗರನ್ನು ತಡೆಯದೆ ರಿಫ್ರೆಶ್ ಆಗಬೇಕಾದರೆ ಅದಕ್ಕೊಂದು ಯುನಿಕ್ ಇಂಡೆಕ್ಸ್ ಬೇಕು. ಆರ್ಡರ್ ಟೇಬಲನ್ನು ಅದರ ಐಟಂಗಳ ಜೊತೆ ಜಾಯಿನ್ ಮಾಡಿ ಆರ್ಡರ್ ಮೊತ್ತ ಕೂಡಿಸಿದರೆ, 3 ಐಟಂ ಇರುವ ಆರ್ಡರ್ 3 ಸಲ ಲೆಕ್ಕಕ್ಕೆ ಬರುತ್ತದೆ. ಟೂಲ್ ಬದಲಿಸಿದರೆ ಇದು ಹೋಗುವುದಿಲ್ಲ, ವ್ಯೂನಲ್ಲೇ ಸರಿಮಾಡಬೇಕು.

ಸಮಯವಲಯವೂ ಅಲ್ಲೇ. ಯುಟಿಸಿಯಲ್ಲಿ (ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ದಿನ ಕತ್ತರಿಸಿದರೆ ಮಧ್ಯರಾತ್ರಿಯಿಂದ ಬೆಳಗಿನ 5:30ರವರೆಗಿನ ಮಾರಾಟ ಹಿಂದಿನ ದಿನಕ್ಕೆ ಬೀಳುತ್ತದೆ. ಏಪ್ರಿಲ್ 1ರ ನಸುಕಿನ ಬಿಲ್ ಹೋದ ಹಣಕಾಸು ವರ್ಷಕ್ಕೆ. ಭಾರತೀಯ ಸಮಯದ ದಿನಾಂಕಕ್ಕೇ ಒಂದು ಕಾಲಂ ಇಡಿ.

ಪಿವಟ್_ಪ್ರಿಯ

ಪವರ್ ಬಿಐಯನ್ನು ಇಷ್ಟು ಬೇಗ ಕೈಬಿಡಬೇಡಿ. ಆ 70 ಜನ ಎಕ್ಸೆಲ್‌ನಲ್ಲೇ ಬದುಕುವವರು. ಎಕ್ಸೆಲ್‌ನಿಂದಲೇ ಪವರ್ ಬಿಐ ಮಾಡೆಲ್‌ಗೆ (ಅದರಲ್ಲಿ ತುಂಬಿಟ್ಟ ಡೇಟಾ) ಜೋಡಿಸಿ ಪಿವಟ್ ಎಳೆಯಬಹುದು, ಸಾಲು ನಿರ್ಬಂಧ ಅಲ್ಲೂ ಉಳಿಯುತ್ತದೆ. ಪ್ರೊ ಮಿತಿ: ಮಾಡೆಲ್ 1 ಜಿಬಿ, ದಿನಕ್ಕೆ 8 ರಿಫ್ರೆಶ್. ಮೇಲಿನವರು ಹೇಳಿದ ದಿನದ ಮೊತ್ತದ ಟೇಬಲ್ ಮಾತ್ರ ತಂದರೆ ಸಾಮಾನ್ಯವಾಗಿ ಹಿಡಿಸುತ್ತದೆ. ಡೇಟಾಬೇಸ್ ಒಳ ನೆಟ್‌ವರ್ಕ್‌ನಲ್ಲಿದ್ದರೆ ಗೇಟ್‌ವೇಗೆ (ಡೇಟಾಬೇಸನ್ನು ಪವರ್ ಬಿಐಗೆ ಜೋಡಿಸುವ ಸೇತುವೆ) ಸದಾ ಆನ್ ಇರುವ ವಿಂಡೋಸ್ ಯಂತ್ರ ಬೇಕು. ಡೆಸ್ಕ್‌ಟಾಪ್ ಆವೃತ್ತಿಯೂ ವಿಂಡೋಸ್‌ಗೆ ಮಾತ್ರ, ಮೂವರಲ್ಲಿ ಯಾರದ್ದಾದರೂ ಮ್ಯಾಕ್ ಇದ್ದರೆ ಈಗಲೇ ಯೋಚಿಸಿ.

ಜರಡಿ

ಒಪ್ಪಿದೆ. ಹಾಗಾದರೆ ಪ್ರಶ್ನೆ ಒಂದೇ: ಸೂಪರ್‌ಸೆಟ್‌ನ ಆ ಐದು ತುಂಡು ನೋಡಿಕೊಳ್ಳಲು ಆ ಪೈಥಾನ್ ಬಲ್ಲವರಿಗೆ ತಿಂಗಳಿಗೆ ಎರಡು ಮೂರು ದಿನ ಬಿಡುವಿದೆಯೇ? ಇದ್ದರೆ ಸೂಪರ್‌ಸೆಟ್, ಇಲ್ಲದಿದ್ದರೆ ಪವರ್ ಬಿಐ. ಯಾವುದಾದರೂ ಸರಿ, ಎರಡು ವಾರದ ಪರೀಕ್ಷೆಗೆ ಒಬ್ಬ ವಲಯ ಮ್ಯಾನೇಜರ್‌ನ ಲಾಗಿನ್ ಮಾಡಿಕೊಂಡು ಒಳಹೋಗಿ ನೋಡಿ. ಅಡ್ಮಿನ್ ಲಾಗಿನ್‌ನಲ್ಲಿ ನಿರ್ಬಂಧದ ತಪ್ಪು ಯಾವತ್ತೂ ಕಾಣುವುದಿಲ್ಲ.