ಮಂತ್ರಕ್ಕೆ ಎಷ್ಟು ರೇಟು?

ಆಗಸ್ಟ್ 3. ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮಳೆ ಅಂದರೆ ಮಳೆ. ಕರೆಂಟು ಬೆಳಗ್ಗೆಯೇ ಹೋಗಿತ್ತು. ಗೋಣಿಕೊಪ್ಪಲಿನ ಹತ್ತಿರದ ಪೂಣಚ್ಚನವರ ಮನೆಯ ಕೈಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ಎಲ್ಲರೂ ಮದ್ದು ಪಾಯಸದ ಬಟ್ಟಲು ಹಿಡಿದು ಕೂತಿದ್ದೆವು. ಮದ್ದು ಸೊಪ್ಪಿನ ರಸದಲ್ಲಿ ಮಾಡಿದ ನೇರಳೆ ಬಣ್ಣದ ಪಾಯಸ, ಮೇಲೆ ಒಂದು ಚಮಚ ತುಪ್ಪ. ಇವತ್ತೊಂದು ದಿನ ಮದ್ದು ಸೊಪ್ಪಿಗೆ ಹದಿನೆಂಟು ಥರದ ಮದ್ದು ಬಂದು ಸೇರುತ್ತವೆ ಅನ್ನುತ್ತಾರೆ. ಅದು ನಂಬಿಕೆ. ನಾಳೆ ಬೆಳಗ್ಗೆ ಉಚ್ಚೆ ಕೆಂಪಗೆ ಹೋಗುವುದು ಮಾತ್ರ ಕಣ್ಣಾರೆ ಕಂಡ ಸತ್ಯ. ಬೆಂಗಳೂರಿನಿಂದ ಬಂದ ಹೊಸ ಅಳಿಯ ಆಗಸ್ಟ್ 4ರ ಬೆಳಗ್ಗೆ ಡಾಕ್ಟರ ಮನೆಗೆ ಓಡಿದ ಕಥೆ ಈ ಕಡೆ ಬೇಕಾದಷ್ಟು ಸಿಗುತ್ತದೆ.

ಬೋಪು ಬಟ್ಟಲು ಕೆಳಗಿಟ್ಟು ಗಂಟಲು ಸರಿಮಾಡಿಕೊಂಡ.

"ಮಾವ, ನಾನು ಕೆಲಸ ಬಿಟ್ಟು ರೈಟರ್ ಆಗೋಣ ಅಂತಿದ್ದೇನೆ."

"ಯಾವ ತೋಟದಲ್ಲಿ?" ಅಂದರು ಪೂಣಚ್ಚ.

ತಪ್ಪು ಅವರದ್ದಲ್ಲ. ನಮ್ಮ ಕಡೆ ರೈಟರ್ ಅಂದರೆ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವವನು.

"ಅಯ್ಯೋ, ತೋಟ ಅಲ್ಲ ಮಾವ. ಕಥೆ ಬರೆಯುವ ರೈಟರ್."

"ಅವನೂ ಕಥೆಯೇ ಬರೆಯುವುದು. ಹದಿನೈದು ಆಳು ಬಂದರೆ ಇಪ್ಪತ್ತು ಅಂತ."

ಬೊಳ್ಳಮ್ಮ ಟೀಚರ್ ಕನ್ನಡಕ ಒರೆಸಿಕೊಂಡು, "ಇರಿ, ಹುಡುಗ ಏನೋ ಹೇಳುತ್ತಿದ್ದಾನೆ. ಏನು ಕಥೆಯೋ ಬೋಪು?" ಅಂದರು.

ಅಷ್ಟು ಸಾಕಾಯಿತು. ಬೋಪು ಶುರು ಮಾಡಿದ. ಅವನದೇ ಒಂದು ಲೋಕ ಕಟ್ಟಿದ್ದಾನಂತೆ. ಅಲ್ಲಿ ಏಳು ಚಂದ್ರ. ವರ್ಷವಿಡೀ ಹಿಮ.

"ನೀನು ಹಿಮ ಎಲ್ಲಿ ನೋಡಿದ್ದೀಯ?"

"ಫ್ರಿಜ್ಜಿನಲ್ಲಿ," ಅಂದರು ಒಳಗಿನಿಂದ ತಂಗಮ್ಮ.

"ಮಳೆ ಇದ್ದರೆ ಆಗುವುದಿಲ್ಲವಾ? ನಮ್ಮಲ್ಲಿ ಬಟ್ಟೆ ಒಣಗದೆ ಮೂರು ತಿಂಗಳು ಆಯಿತು. ಅದಕ್ಕಿಂತ ಭಯಂಕರ ಲೋಕ ಬೇಕಾ ನಿನಗೆ?" ಅಂದರು ಟೀಚರ್. "ಸರಿ, ಮುಂದೆ."

ಮುಂದೆ ಒಬ್ಬ ರಾಜಕುಮಾರ. ಹೆಸರು ಎಲಾರಿಯನ್. ಮಲೇರಿಯಾ ಮಾತ್ರೆಯ ಹೆಸರಿನ ಹಾಗಿದೆ ಅಂದರು ಪೂಣಚ್ಚ. ಎಲ್ಲರೂ ರಾಜಕುಮಾರ ಅಂದರೂ ಒಳಗೆ ತಾನು ಹೆಣ್ಣು ಅಂತ ಅವಳಿಗೆ ಚಿಕ್ಕಂದಿನಿಂದ ಗೊತ್ತು. ಆ ಲೋಕದಲ್ಲಿ ಅದಕ್ಕೊಂದು ಮಂತ್ರದ ವಿಧಿ ಇದೆ. ಮೂರನೇ ಚಂದ್ರನಿಗೆ ಗ್ರಹಣ ಹಿಡಿದ ರಾತ್ರಿ ಬೆಳ್ಳಿ ಕೊಳದಲ್ಲಿ ಮುಳುಗಬೇಕು. ಎದ್ದರೆ ಹೆಣ್ಣು.

ಭಟ್ಟರು ತಲೆದೂಗಿದರು. "ಚೆನ್ನಾಗಿದೆ. ಹಳೆಯದೇ, ಆದರೆ ಚೆನ್ನಾಗಿದೆ."

"ಆದರೆ ಸುಮ್ನೆ ಅಲ್ಲ ಭಟ್ರೇ, ಬೆಲೆ ಕೊಡಬೇಕು," ಅಂದ ಬೋಪು, ಮುಖ ಗಂಭೀರ ಮಾಡಿಕೊಂಡು. "ಒಂದು, ಅವಳ ದನಿ. ಎರಡು, ಏಳು ವರ್ಷ ಆಯಸ್ಸು. ಮೂರು, ತಾಯಿಯ ನೆನಪು."

"ಯಾಕೆ?" ಅಂದರು ಟೀಚರ್.

"ಮ್ಯಾಜಿಕ್‌ಗೆ ಬೆಲೆ ಇರಲೇಬೇಕು ಟೀಚರ್. ಆನ್‌ಲೈನ್ ಕೋರ್ಸಿನಲ್ಲಿ ಮೊದಲ ಪಾಠವೇ ಅದು. ಬೆಲೆ ಇಲ್ಲದಿದ್ದರೆ ಓದುಗರಿಗೆ ಮೋಸ ಮಾಡಿದ ಹಾಗೆ."

ಇದೊಂದು ಹೊಸ ಹುಚ್ಚು. ಈಗ ಮಂತ್ರದ ಕಥೆ ಬರೆಯುವ ಯಾವ ಹುಡುಗನನ್ನು ಕೇಳಿದರೂ ಬೆಲೆ ಬೆಲೆ ಅನ್ನುತ್ತಾನೆ. ಕಥೆಗಾರರೋ ಕಾಫಿ ವ್ಯಾಪಾರಿಗಳೋ ತಿಳಿಯುವುದಿಲ್ಲ.

ಬೆಲೆ ಅಂದ ಕೂಡಲೇ ಪೂಣಚ್ಚನವರಿಗೆ ಜೀವ ಬಂತು. "ಏಳು ವರ್ಷ ಜಾಸ್ತಿಯಾಯಿತು ಮೋನೆ. ಮೂರೂವರೆಗೆ ಕೇಳಬೇಕು. ಅದಕ್ಕೆ ಮೊದಲು ಓಟಿ ನೋಡಿದರಾ? ಐವತ್ತು ಕೆ.ಜಿ. ಕಾಫಿ ಚೀಲಕ್ಕೆ ಎಷ್ಟು ಬೇಳೆ ಬೀಳುತ್ತದೆ ಅಂತ ನೋಡದೆ ರೇಟು ಹೇಳುವ ವ್ಯಾಪಾರಿ ಎಲ್ಲಾದರೂ ಇದ್ದಾನಾ? ನಿನ್ನ ಮಂತ್ರವಾದಿ ಕಳ್ಳ."

"ಮಂತ್ರವಾದಿ ಇಲ್ಲ ಮಾವ. ಕೊಳವೇ ತೆಗೆದುಕೊಳ್ಳುತ್ತದೆ."

"ಹಾಗಾದರೆ ಚೌಕಾಸಿಗೂ ಆಳಿಲ್ಲ. ಇದು ಕಮಿಷನ್ ಮಂಡಿಗಿಂತ ಕಡೆ."

ಟೀಚರ್ ಬಟ್ಟಲು ಕೆಳಗಿಟ್ಟರು. ಅವರು ಬಟ್ಟಲು ಕೆಳಗಿಟ್ಟರೆ ಕ್ಲಾಸು ಶುರುವಾಯಿತು ಅಂತ ಅರ್ಥ.

"ಬೋಪು, ನಿನ್ನ ಲೋಕದಲ್ಲಿ ಡ್ರ್ಯಾಗನ್ ಇದೆಯಾ?"

"ಎರಡಿವೆ ಟೀಚರ್."

"ಬೆಂಕಿ ಉಗುಳುತ್ತವಾ?"

"ಹೂಂ."

"ಅವಕ್ಕೆ ಹೊಟ್ಟೆ ಉರಿ ಬರುತ್ತದಾ?"

"...ಇಲ್ಲ."

"ರಾಜನ ಕತ್ತಿ ಕತ್ತಲಲ್ಲಿ ಹೊಳೆಯುತ್ತದಾ?"

"ಹೊಳೆಯುತ್ತದೆ."

"ಕರೆಂಟ್ ಬಿಲ್ಲು ಯಾರು ಕಟ್ಟುತ್ತಾರೆ?"

ಬೋಪು ಸುಮ್ಮನಾದ.

"ಡ್ರ್ಯಾಗನ್ನಿಗೆ ಫ್ರೀ. ಕತ್ತಿಗೆ ಫ್ರೀ. ಏಳು ಚಂದ್ರ ಸುಮ್ನೆ ಬಿಟ್ಟಿ ಬೆಳಗುತ್ತವೆ. ಆ ಒಂದು ಹುಡುಗಿಯ ಹತ್ತಿರ ಮಾತ್ರ ಯಾಕೋ ವಸೂಲಿ?"

ಭಟ್ಟರು ಪಾಯಸದಲ್ಲೇ ನಕ್ಕು ಕೆಮ್ಮಿದರು. ಬೋಪು ಬಿಡಲಿಲ್ಲ. ಇದು ದೊಡ್ಡ ಪರಂಪರೆ ಅಂದ. ಅಮೆರಿಕದಲ್ಲಿ 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಆಟ ಇದೆ, ಮೇಜಿನ ಸುತ್ತ ಕೂತು, ದಾಳ ಹಾಕಿ, ಕಥೆ ಕಟ್ಟುತ್ತಾ ಆಡುವುದು. 1979ರ ಅದರ ನಿಯಮದ ಪುಸ್ತಕದಲ್ಲೇ ಒಂದು ಮಾಯದ ಸೊಂಟಪಟ್ಟಿ ಇತ್ತು. ಕಟ್ಟಿಕೊಂಡರೆ ಗಂಡು ಹೆಣ್ಣಾಗುತ್ತಾನೆ, ಹೆಣ್ಣು ಗಂಡಾಗುತ್ತಾಳೆ.

"ಡಾಬು!" ಅಂದರು ತಂಗಮ್ಮ, ಸೌಟು ಸಮೇತ ಬಾಗಿಲಿಗೆ ಬಂದು. "ನಮ್ಮ ಅತ್ತೆಯದೊಂದು ಇದೆ. ಇವರಿಗೆ ಕಟ್ಟಿ ನೋಡೋಣವಾ?"

"ನನಗೆ ಸುತ್ತು ಬರುವುದಿಲ್ಲ," ಅಂದರು ಪೂಣಚ್ಚ, ಹೊಟ್ಟೆ ಸವರಿಕೊಂಡು.

"ಆದರೆ ಅದನ್ನು ಆಟದಲ್ಲಿ ಶಾಪದ ವಸ್ತು ಅಂತ ಇಟ್ಟಿದ್ದರು," ಅಂದ ಬೋಪು. "ಸಿಕ್ಕವನು ಅಯ್ಯೋ ಅನ್ನಬೇಕು. ಈಗ ನಾವು ಹಾಗೆಲ್ಲ ಬರೆಯುವುದಿಲ್ಲ. ಈಗ ಅದು ಅವಳದೇ ಆಸೆ, ಅವಳದೇ ವಿಧಿ."

"ಅದೇನೋ ಒಳ್ಳೆಯದೇ. ಆಗ ಶಾಪ ಅನ್ನುತ್ತಿದ್ದರು, ಈಗ ಬೆಲೆ ಅನ್ನುತ್ತೀರಿ. ಬೋರ್ಡು ಹೊಸದು. ಗಲ್ಲಾಪೆಟ್ಟಿಗೆ ಹಳೆಯದೇ," ಅಂದರು ಟೀಚರ್.

ಇಷ್ಟು ಹೊತ್ತು ಭಟ್ಟರು ತಡೆದುಕೊಂಡಿದ್ದೇ ಹೆಚ್ಚು. ಪುರಾಣ ಅವರ ತೋಟ. ಇಳನ ಕಥೆಯಿಂದ ಹಿಡಿದುಕೊಂಡರು. ಶಿವ ಪಾರ್ವತಿಯರಿದ್ದ ವನಕ್ಕೆ ಬೇಟೆಯಾಡುತ್ತಾ ಹೋದ ರಾಜ, ಒಳಗೆ ಕಾಲಿಟ್ಟದ್ದೇ ತಡ, ಹೆಣ್ಣಾದ. ಆ ಕಾಡಿನಲ್ಲಿ ಗಂಡು ಅನ್ನುವುದು ಏನಿದ್ದರೂ ಹೆಣ್ಣಾಗುತ್ತಿತ್ತಂತೆ. ಆಮೇಲೆ ಬೇಡಿಕೊಂಡು, ಒಂದು ತಿಂಗಳು ಗಂಡು, ಒಂದು ತಿಂಗಳು ಹೆಣ್ಣು ಅಂತ ರಾಜಿಯಾಯಿತು. ಹೆಣ್ಣಾಗಿದ್ದಾಗ ಬುಧನಿಂದ ಹುಟ್ಟಿದವನು ಪುರೂರವ. "ಪಾಂಡವರು ಕೌರವರೆಲ್ಲ ಆ ವಂಶದವರೇ. ಇಳ ಬದಲಾಗದಿದ್ದರೆ ಮಹಾಭಾರತವೇ ಇಲ್ಲ," ಅಂದರು.

ಆಮೇಲೆ ಅನುಶಾಸನ ಪರ್ವದ ಭಂಗಾಸ್ವನ. ಗಂಡಾಗಿ ನೂರು ಮಕ್ಕಳು. ಕೊಳದಲ್ಲಿ ಮಿಂದು ಹೆಣ್ಣಾದ ಮೇಲೆ ಮತ್ತೆ ನೂರು ಮಕ್ಕಳು.

"ಇನ್ನೂರಾ?" ಪೂಣಚ್ಚ ಬೆಚ್ಚಿಬಿದ್ದರು. "ಪಾಲು ಹೇಗೆ ಮಾಡಿದರು? ಇಲ್ಲಿ ನಾಲ್ಕು ಜನರಿಗೆ ಜಮ್ಮ ಜಾಗದ ಜಗಳ ಮುಗಿದಿಲ್ಲ."

"ಅವರೂ ಹೊಡೆದಾಡಿ ಸತ್ತರು. ಇಂದ್ರನೇ ಜಗಳ ಹಚ್ಚಿದ. ಆಮೇಲೆ ಮನಸ್ಸು ಕರಗಿ, ಮತ್ತೆ ಗಂಡಾಗುತ್ತೀಯಾ ಅಂತ ಕೇಳಿದ. ಬೇಡ, ಹೀಗೇ ಇರುತ್ತೇನೆ ಅಂದಳು."

"ನೋಡಿದಿರಾ ಟೀಚರ್! ಮಕ್ಕಳು ಸತ್ತರು. ಅದೇ ಬೆಲೆ!" ಅಂದ ಬೋಪು.

"ಅದು ಇಂದ್ರನ ಹೊಟ್ಟೆಕಿಚ್ಚಿನ ಬೆಲೆ ಕಣೋ, ಕೊಳದ್ದಲ್ಲ. ಕೊಳ ಒಂದು ಪೈಸೆ ಕೇಳಿದೆಯಾ?" ಟೀಚರ್ ಭಟ್ಟರ ಕಡೆ ತಿರುಗಿದರು. "ಶಿಖಂಡಿಯದು ಹೇಳಿ ಭಟ್ರೇ. ನನಗೆ ಇಷ್ಟ ಅದು."

ಭಟ್ಟರು ಹೇಳಿದರು. ಹೆಣ್ಣಾಗಿ ಹುಟ್ಟಿ ಗಂಡಾಗಿ ಬೆಳೆದ ಶಿಖಂಡಿಗೆ ಮದುವೆ ಮಾಡಿದರು. ಗುಟ್ಟು ರಟ್ಟಾಯಿತು. ಮಾವ ದಂಡೆತ್ತಿ ಬರುತ್ತೇನೆಂದ. ಸಾಯುತ್ತೇನೆಂದು ಕಾಡಿಗೆ ಹೋದರೆ ಅಲ್ಲಿ ಸ್ಥೂಣ ಅನ್ನುವ ಯಕ್ಷ. ಪಾಪ ಅನ್ನಿಸಿ ತನ್ನ ಗಂಡುತನವನ್ನು ಸ್ವಲ್ಪ ದಿನಕ್ಕೆ ಕೊಟ್ಟು, ಶಿಖಂಡಿಯ ಹೆಣ್ಣುತನವನ್ನು ತಾನು ಇಟ್ಟುಕೊಂಡ. ಕೆಲಸ ಮುಗಿದ ಮೇಲೆ ವಾಪಸ್ ಕೊಡಬೇಕು ಅಂತ ಮಾತು.

"ಶಿಖಂಡಿ ಏನು ಮಾಡಿದ?" ಅಂದರು ಟೀಚರ್, ಗೊತ್ತಿದ್ದೂ.

"ಮಾತಿನ ಪ್ರಕಾರ ವಾಪಸ್ ಕೊಡಲು ಬಂದ."

"ಬಂದನಾ?" ಪೂಣಚ್ಚ ನಂಬಲಿಲ್ಲ. "ನನ್ನ ಸ್ಪ್ರೇಯರ್ ತೆಗೆದುಕೊಂಡು ಹೋದವನು ಇನ್ನೂ ಬಂದಿಲ್ಲ. ಮೂರು ಬೇಸಿಗೆಯಾಯಿತು."

"ಅಷ್ಟರಲ್ಲಿ ಕುಬೇರ ಬಂದಿದ್ದ. ಹೆಣ್ಣಾಗಿದ್ದ ಸ್ಥೂಣ ನಾಚಿಕೊಂಡು ಎದುರಿಗೆ ಬರಲಿಲ್ಲ. ಕುಬೇರನಿಗೆ ಸಿಟ್ಟು. ಹಾಗೇ ಇರು ಅಂತ ಶಾಪ ಕೊಟ್ಟ. ಶಿಖಂಡಿ ಸಾಯುವವರೆಗೂ ಶಿಖಂಡಿ ಗಂಡು, ಸ್ಥೂಣ ಹೆಣ್ಣು."

"ಕೇಳಿದೆಯಾ ಬೋಪು? ಬೆಲೆ ಕೊಟ್ಟವನು ಯಾರು? ಯಕ್ಷ. ಅವನಿಗೇನು, ಕುಬೇರನ ಕಂಪನಿಯವನು, ತಡೆಯುತ್ತಾನೆ. ಬೇಕೇ ಬೇಕು ಅಂದರೆ ಬೆಲೆಯನ್ನು ಶಕ್ತಿ ಇದ್ದವನ ತಲೆಗೆ ಕಟ್ಟು. ಆ ಹುಡುಗಿ ನಿನ್ನ ಕೊಳದವರೆಗೆ ನಡೆದು ಬಂದಿದ್ದಾಳಲ್ಲ, ಬರುವಾಗಲೇ ಜೇಬು ಖಾಲಿಯಾಗಿದೆ."

ಪೂಣಚ್ಚನವರಿಗೆ ಆಗ ಏನೋ ನೆನಪಾಯಿತು. "ನನ್ನ ತೋಟದಲ್ಲಿ ನಾನು ಐದು ಜನರಿಗೆ ಮಾಡಿಸಿದ್ದೇನೆ."

ಎಲ್ಲರೂ ಅವರನ್ನೇ ನೋಡಿದೆವು.

"ಜಾಯಿಕಾಯಿ! ಹತ್ತು ಸಸಿ ನೆಟ್ಟೆ. ಏಳು ವರ್ಷ ಸಾಕಿದೆ. ಹೂ ಬಿಡುವವರೆಗೆ ಗಂಡೋ ಹೆಣ್ಣೋ ಆ ದೇವರಿಗೂ ತಿಳಿಯುವುದಿಲ್ಲ. ಹೂ ಬಿಟ್ಟ ಮೇಲೆ ನೋಡಿದರೆ ಆರು ಗಂಡು. ಕಾಯಿ ಎಲ್ಲಿಂದ ಬರಬೇಕು? ಕಡಿಯಲು ಮನಸ್ಸು ಬರಲಿಲ್ಲ. ಕಸಿ ಕಟ್ಟುವವನನ್ನು ಕರೆಸಿದೆ. ಮೇಲೆ ಕೊಯ್ದು, ಹೊಸ ಚಿಗುರು ಬಂದ ಮೇಲೆ ಅದಕ್ಕೆ ಹೆಣ್ಣು ಮರದ ಕಡ್ಡಿ ಸೇರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿದ. ಒಂದು ಗಂಡು ಮರ ಪರಾಗಕ್ಕೆ ಅಂತ ಹಾಗೇ ಬಿಟ್ಟೆವು. ಉಳಿದ ಐದೂ ಈಗ ಕಾಯಿ ಬಿಡುತ್ತಿವೆ."

"ಗ್ರಹಣ ಹಿಡಿದಿತ್ತಾ?" ಅಂದರು ಟೀಚರ್.

"ಇಲ್ಲ, ಮಂಗಳವಾರ."

"ಮರದ ನೆನಪು, ಆಯಸ್ಸು ಏನಾದರೂ ತೆಗೆದುಕೊಂಡಿರಾ?"

"ತೆಗೆದುಕೊಳ್ಳುವುದಾ? ಸುಸ್ತಾಗಿತ್ತಲ್ಲ ಪಾಪ, ಬುಡಕ್ಕೆ ಎರಡೆರಡು ಬುಟ್ಟಿ ಗೊಬ್ಬರ ಹಾಕಿಸಿದೆ."

ಟೀಚರ್ ತೊಡೆ ತಟ್ಟಿದರು. "ಬರೆದುಕೊಳ್ಳೋ ರೈಟರ್! ಬದಲಾಗುವ ಮರಕ್ಕೆ ನಿನ್ನ ಮಾವ ಗೊಬ್ಬರ ಹಾಕುತ್ತಾರೆ. ಬದಲಾಗುವ ಮನುಷ್ಯರಿಗೆ ನೀನು ಬಿಲ್ಲು ಹಾಕುತ್ತೀಯ."

ಬೋಪು ಸೋತರೂ ಒಪ್ಪುವ ಜಾತಿಯವನಲ್ಲ. ನಿಜ ಜೀವನದಲ್ಲೂ ಬೆಲೆ ಇದೆ ಅಲ್ವಾ ಅಂದ. ಆಪರೇಷನ್ನು, ಹಾರ್ಮೋನು, ದುಡ್ಡು, ಮನೆಯವರು. ಕಾನೂನು ಬಂದಿದೆ ಅಂದರು ಭಟ್ಟರು. ತನ್ನ ಲಿಂಗ ಯಾವುದು ಅಂತ ತಾನೇ ಹೇಳುವ ಹಕ್ಕು ಟ್ರಾನ್ಸ್‌ಜೆಂಡರ್ ಜನರಿಗಿದೆ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ, ನಮ್ಮ ರಾಜ್ಯ 2021ರಲ್ಲಿ ಸರ್ಕಾರಿ ಕೆಲಸದಲ್ಲಿ ಶೇಕಡಾ 1 ಮೀಸಲಾತಿಯನ್ನೂ ಕೊಟ್ಟಿದೆ ಅಂದರು. ಪೇಪರನ್ನು ಮೂಲೆಯಿಂದ ಮೂಲೆಗೆ ಓದುವವರು ಅವರು.

"ಇದೆ, ಬೆಲೆ ಇದೆ. ಇಲ್ಲಿ ಇದೆ ಅಂತಲೇ ಜನ ನಿನ್ನ ಲೋಕಕ್ಕೆ ಬರುವುದು. ಅಲ್ಲೂ ಟೋಲ್‌ಗೇಟ್ ಹಾಕಿದರೆ ಅವರು ಎಲ್ಲಿಗೆ ಹೋಗಬೇಕೋ?" ಅಂದರು ಟೀಚರ್.

ಮಾತು ಹೇಗೋ ದೇವರಪುರದ ಕುಂಡೆ ಹಬ್ಬಕ್ಕೆ ಹೋಯಿತು. ಪ್ರತಿ ಮೇ ತಿಂಗಳು ಜೇನು ಕುರುಬರು, ಯರವರು ಹೆಣ್ಣಿನ ವೇಷ ಹಾಕಿ ಪೇಟೆಗೆ ಬರುತ್ತಾರಲ್ಲ. ಡಬ್ಬ ಬಡಿಯುತ್ತಾ, ದೇವರಿಂದ ಹಿಡಿದು ಧಣಿಯವರೆಗೆ ಯಾರನ್ನೂ ಬಿಡದೆ ಬೈಯುತ್ತಾ, ಕಾರು ನಿಲ್ಲಿಸಿ ದುಡ್ಡು ಕೇಳುತ್ತಾರೆ.

"ಅದು ಸರಿಯಾದ ವಿಧಿ," ಅಂದರು ಟೀಚರ್. "ಸೀರೆ ಉಟ್ಟವರು ಕೊಡುವುದಿಲ್ಲ. ಕಾರಿನಲ್ಲಿ ಕೂತವರು ಕೊಡಬೇಕು, ಬೈಸಿಕೊಂಡು."

"ಹೋದ ಸಲ ನನ್ನನ್ನು ಏನೆಂದು ಬೈದರು ಗೊತ್ತಾ," ಅಂತ ಪೂಣಚ್ಚ ಶುರು ಮಾಡಿದರು. ತಂಗಮ್ಮ ಒಳಗಿನಿಂದಲೇ ತಡೆದರು. ಬರೆಯುವ ಹಾಗೂ ಇಲ್ಲ ಬಿಡಿ.

"ಆದರೆ ಅದು ಒಂದು ದಿನದ್ದು ಟೀಚರ್," ಅಂದ ಬೋಪು.

ಟೀಚರ್ ಸ್ವಲ್ಪ ಹೊತ್ತು ಮಳೆ ನೋಡಿದರು.

"ಹೂಂ. ಒಂದು ದಿನದ್ದು. ನನ್ನ ಕ್ಲಾಸಿನಲ್ಲಿ ಒಬ್ಬಳಿದ್ದಳು. ಆಗ ಹಾಜರಿಯಲ್ಲಿ ಹೆಸರು ಬೇರೆ ಇತ್ತು. ನಮ್ಮ ಊರಿನ ಬೋಡ್ ನಮ್ಮೆ ಹಬ್ಬಕ್ಕೆ ಹುಡುಗರೆಲ್ಲ ಅಕ್ಕನ ನೈಟಿ, ಅಜ್ಜಿಯ ರವಿಕೆ, ಸಿಕ್ಕಿದ್ದು ಸಿಕ್ಕಿಸಿಕೊಂಡು ಬರುತ್ತಿದ್ದರು. ಇವಳು ಅಮ್ಮನ ಸೀರೆ ಉಟ್ಟು ಬಂದಳು. ನೆರಿಗೆ ಹಿಂದೆ, ಸೆರಗಿಗೆ ಪಿನ್ನು, ಎಲ್ಲ ಸರಿಯಾಗಿ. ಬಲಮುರಿಯಲ್ಲಿ ಕಾವೇರಿ ಹರಿದ ರಭಸಕ್ಕೆ ನೆರಿಗೆ ಹಿಂದಕ್ಕೆ ಹೋಯಿತು ಅನ್ನುತ್ತಾರಲ್ಲ, ಇವಳಿಗೆ ನದಿಯೇ ಬಂದು ಉಡಿಸಿದ ಹಾಗಿತ್ತು. ಬೇರೆಯವರನ್ನು ನೋಡಿ ಜನ ಬಿದ್ದು ಬಿದ್ದು ನಕ್ಕರು. ಇವಳನ್ನು ನೋಡಿ ಯಾರೂ ನಗಲಿಲ್ಲ."

"ಅದೇ ತೊಂದರೆಯಾಯಿತು," ಅಂದರು ಭಟ್ಟರು ಮೆಲ್ಲಗೆ. ಅವರಿಗೆ ಗೊತ್ತಿತ್ತು ಅಂತ ಕಾಣುತ್ತದೆ.

"ಮುಂದಿನ ನಮ್ಮೆಗೆ ಅವಳು ಊರಿನಲ್ಲಿರಲಿಲ್ಲ. ಈಗ ಬೆಂಗಳೂರಿನಲ್ಲಿ ಒಂದು ಬೇಕರಿಯ ಲೆಕ್ಕ ಬರೆಯುತ್ತಾಳೆ."

"ಹಾಗಾದರೆ ಅವಳು ರೈಟರ್ ಆದಳು," ಅಂದರು ಪೂಣಚ್ಚ. ತಮಾಷೆಗೆ ಅಂದಿದ್ದೋ ಅಲ್ಲವೋ ತಿಳಿಯಲಿಲ್ಲ. "ಊರಿಗೆ ಬರುತ್ತಾಳಾ?"

"ಇಲ್ಲ. ಕಕ್ಕಡ ಬಂದರೆ ನಾನು ಮದ್ದು ಸೊಪ್ಪು ಕಳಿಸುತ್ತೇನೆ. ಮಾರನೆಯ ದಿನ ಫೋನ್ ಮಾಡಿ, ಟೀಚರ್ ಕೆಂಪಾಯಿತು ಅಂತ ನಗುತ್ತಾಳೆ. ನನಗೆ ಬೇಲಿ ಎಲ್ಲಿದೆ? ಸೊಪ್ಪು ಅವಳ ಅಮ್ಮನ ಮನೆಯ ಬೇಲಿಯದ್ದೇ. ಪ್ರತಿ ವರ್ಷ ಹೋಗಿ ಕೇಳುತ್ತೇನೆ. ಒಂಟಿ ಹೆಂಗಸು ನಾನು, ಒಂದು ಹಿಡಿ ಸಾಕು. ಅವರು ದೊಡ್ಡ ಕಟ್ಟು ಕೊಡುತ್ತಾರೆ. ಇಷ್ಟು ಯಾಕೆ ಅಂತ ನಾನೂ ಕೇಳಿಲ್ಲ, ಅವರೂ ಏನೂ ಹೇಳಿಲ್ಲ."

ಬೋಪು ಬಟ್ಟಲಿನೊಳಗೆ ಚಮಚ ತಿರುಗಿಸುತ್ತಿದ್ದ.

"ಈ ಸಲ ಹೋದಾಗ ಎರಡು ಕಟ್ಟು ಮಾಡಿಟ್ಟಿದ್ದರು. ಒಂದು ಸಣ್ಣದು. ಇನ್ನೊಂದಕ್ಕೆ ಒದ್ದೆ ಬಟ್ಟೆ ಸುತ್ತಿ, ಮೇಲೆ ಪೇಪರು, ಅದರ ಮೇಲೆ ಪ್ಲಾಸ್ಟಿಕ್ಕು. ಬಸ್ಸಿನಲ್ಲಿ ಬಾಡಬಾರದು ನೋಡಿ ಅಂದರು. ಅಷ್ಟೇ ಅಂದಿದ್ದು."

ಮಳೆ ಹಂಚಿನ ಮೇಲೆ ಜೋರಾಯಿತು. ತಂಗಮ್ಮ ಬಂದು ಯಾರನ್ನೂ ಕೇಳದೆ ಎಲ್ಲರ ಬಟ್ಟಲಿಗೂ ಮತ್ತೊಂದು ಸೌಟು ಹಾಕಿಹೋದರು.

"ಯಾವ ಬಸ್ಸಿಗೆ ಹಾಕಿದಿರಿ?" ಅಂದರು ಪೂಣಚ್ಚ.

"ರಾತ್ರಿ ಬಸ್ಸಿಗೆ."

"ರಾತ್ರಿ ಬಸ್ಸಾದರೆ ಬಾಡಿರುವುದಿಲ್ಲ."